ಮನ್ನಾ ಆದ ಸಾಲ ಎಲ್ಲಿ ಹೋಗುತ್ತದೆ?

ಸಾಲವನ್ನು ಬರೆದಿಟ್ಟವನು ಯಾರು ಎಂದು ಕೇಳಿದರೆ ನಮ್ಮ ಚರಿತ್ರೆ ಅರ್ಧ ಗೊತ್ತಾಗುತ್ತದೆ. ಕೇರಿಯವರ ಸಾಲ ಇದ್ದದ್ದು ಒಡೆಯನ ಪುಸ್ತಕದಲ್ಲಿ. ಕೊಟ್ಟವನೇ ಬರೆದ, ಬಡ್ಡಿಯ ಲೆಕ್ಕವನ್ನೂ ಅವನೇ ಹಾಕಿದ. ತಗೊಂಡವನದ್ದು ಬರೀ ಹೆಬ್ಬೆಟ್ಟು. ಅಪ್ಪ ತಂದ ಸಾಲಕ್ಕೆ ಮಗ ಜೀತಕ್ಕೆ ನಿಂತ. ಎಷ್ಟು ತೀರಿತು, ಎಷ್ಟು ಉಳೀತು ಅಂತ ಕೇಳೋ ಧೈರ್ಯ ಯಾರಿಗಿತ್ತು?

1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಆಯಿತು. ಊರಿನ ಜೈಲುಗಳನ್ನೆಲ್ಲ ತುಂಬಿಸಿದ ತುರ್ತುಪರಿಸ್ಥಿತಿಯ ಸರ್ಕಾರವೇ ಜೀತದ ಬೀಗ ತೆಗೆದದ್ದು ವಿಚಿತ್ರ, ಆದರೂ ನಿಜ. ಕಾಯಿದೆಯ 6ನೇ ಕಲಮಿನ ಪ್ರಕಾರ ಜೀತದ ಸಾಲವೆಲ್ಲ ಸತ್ತಂತೆ. ಸತ್ತ ಸಾಲಕ್ಕೆ ದುಡ್ಡು ಇಸಕೊಂಡರೆ ಒಡೆಯನಿಗೆ ಮೂರು ವರ್ಷದವರೆಗೆ ಜೈಲು. ಅದೇ 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯಿದೆ ತಂದಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಾರರು, ದುರ್ಬಲ ವರ್ಗದವರು ಲೇವಾದೇವಿಗಾರರಿಂದ ತಂದ ಸಾಲ ರದ್ದು.

ಒಡೆಯನ ಪುಸ್ತಕದಲ್ಲಿ ಈ ರದ್ದತಿ ಹೇಗೆ ಕಂಡಿತು? ಕಾಣಲೇ ಇಲ್ಲ. ಬಿಡುಗಡೆ ಪತ್ರ ಕೈಗೆ ಬಂದವನಿಗಷ್ಟೇ ಬಿಡುಗಡೆ, ಪುನರ್ವಸತಿ ಹಣವೂ ಅವನಿಗಷ್ಟೇ. 1978ರ ಯೋಜನೆಯಲ್ಲಿ ಅದು ಹೆಚ್ಚೆಂದರೆ 4,000 ರೂಪಾಯಿ. ಕಾಯಿದೆ ಬಂದು ದಶಕಗಳಾದ ಮೇಲೂ ಜೀವಿಕ ಸಂಘಟನೆಯವರು ಜೀತದಾಳುಗಳನ್ನು ಹುಡುಕುತ್ತ ಊರೂರು ಅಲೆಯಬೇಕಾಯಿತು.

ಅದೇ 1976ರಲ್ಲಿ ಇನ್ನೊಂದು ಸಾಲವೂ ಸತ್ತಿತು. ಜೀಪು ಮಾಡುವ ಮಹೀಂದ್ರಾ ಕಂಪನಿ 1964ರಲ್ಲಿ ಅಮೆರಿಕದ ಕೈಸರ್ ಜೀಪ್ ಕಂಪನಿಯಿಂದ ಸಾಲ ತಂದಿತ್ತು. ಕೈಸರನ್ನು ಕೊಂಡ ಇನ್ನೊಂದು ಅಮೆರಿಕನ್ ಕಂಪನಿ ಅಸಲು ಬೇಡ ಬಿಡಿ ಎಂದಿತು: 57,74,064 ರೂಪಾಯಿ. ಇದು ಆದಾಯ, ತೆರಿಗೆ ಕಟ್ಟಿ ಎಂದರು ತೆರಿಗೆ ಇಲಾಖೆಯವರು. ಅಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಏಪ್ರಿಲ್ 24ರಂದು. ನಲವತ್ತೆರಡು ವರ್ಷ ವಕೀಲರನ್ನಿಟ್ಟು ಕಾಯುವ ತಾಕತ್ತು ಆ ಸಾಲಗಾರನಿಗಿತ್ತು!

ಇಲ್ಲಿ ಸ್ವಲ್ಪ ಲೆಕ್ಕ ಕಲಿಯಬೇಕು ಗೆಳೆಯರೆ, ಕಷ್ಟವೇನಲ್ಲ. ಕಂಪನಿಯ ಪುಸ್ತಕದಲ್ಲಿ ಸಾಲ ಕೂತಿರುವುದು ಹೊಣೆಗಳ ಕಡೆ. ಕೊಟ್ಟವನು ಮನ್ನಾ ಮಾಡಿದ ದಿನ ಆ ಸಾಲು ಅಳಿಸುತ್ತದೆ. ಅಳಿಸಿದ ಮೊತ್ತ ಎಲ್ಲಾದರೂ ಹೋಗಬೇಕಲ್ಲ? 2016ರಿಂದ ದೊಡ್ಡ ಕಂಪನಿಗಳಿಗೆ ಜಾರಿಯಾದ ಹೊಸ ಲೆಕ್ಕದ ನಿಯಮಗಳಲ್ಲಿ ಅದು ಲಾಭ-ನಷ್ಟದ ಪಟ್ಟಿಗೆ, ಆದಾಯವಾಗಿ ಹೋಗುತ್ತದೆ. ಸರ್ಕಾರ ಮನ್ನಾ ಮಾಡುವುದು ಖಚಿತ ಎನ್ನುವಂಥ ಸಾಲವನ್ನು ಅನುದಾನವೆಂದೇ ಬರೆಯಬಹುದು. ಅದನ್ನು ಬೇರೆ ಆದಾಯವೆಂದು ತೋರಿಸಬಹುದು, ಇಲ್ಲಾಂದ್ರೆ ಸಂಬಂಧಪಟ್ಟ ಖರ್ಚಿನಲ್ಲೇ ಕಳೆದುಬಿಡಬಹುದು. ಕಳೆದರೆ ಟಿಪ್ಪಣಿಯ ಸಣ್ಣಕ್ಷರ ಓದದವನಿಗೆ ಸರ್ಕಾರದ ದುಡ್ಡು ಕಣ್ಣಿಗೇ ಬೀಳದು. ಒಂದೇ ದುಡ್ಡು ಷೇರುದಾರರ ಮುಂದೆ ಲಾಭ, ತೆರಿಗೆಯವರ ಮುಂದೆ ಲಾಭವಲ್ಲ ಎನ್ನುವ ದಾರಿ ಹೀಗೆ ತೆರೆದಿತ್ತು. 2023ರ ಹಣಕಾಸು ಕಾಯಿದೆ ಅದನ್ನು ಮುಚ್ಚಲು ಹೊರಟಿತು.

2020ರ ಕೊರೋನಾದಲ್ಲಿ ಅಮೆರಿಕದ ಸರ್ಕಾರ ಹೆಚ್ಚುಪಾಲು ಸಂಬಳಕ್ಕೆ ಬಳಸಿದ ಪರಿಹಾರ ಸಾಲವನ್ನು ಕಂಪನಿಗಳಿಗೆ ಮನ್ನಾ ಮಾಡಿತು, ಅದಕ್ಕೆ ತೆರಿಗೆಯನ್ನೂ ಬಿಟ್ಟಿತು. ಪೀಣ್ಯದ ಸಣ್ಣ ಕಾರ್ಖಾನೆಯವನಿಗೆ ಸಿಕ್ಕಿದ್ದು ಇನ್ನೊಂದು ಸಾಲ. ಆ ಮೇ ತಿಂಗಳ 3 ಲಕ್ಷ ಕೋಟಿಯ ಯೋಜನೆಯಲ್ಲಿ ಸರ್ಕಾರ ಬ್ಯಾಂಕಿಗೆ ನೂರಕ್ಕೆ ನೂರು ಜಾಮೀನು ನಿಂತಿತು. ಸಾಲಗಾರನಿಗೆ ಮೊದಲು ಸಿಕ್ಕಿದ್ದು ಫೆಬ್ರವರಿ 29ರಂದು ಇದ್ದ ಬಾಕಿಯ ಶೇಕಡಾ 20ರವರೆಗೆ, ಬ್ಯಾಂಕಿನದಾದರೆ ಶೇಕಡಾ 9.25ರ ಮಿತಿಯ ಬಡ್ಡಿಗೆ. ಬ್ಯಾಂಕಿನ ಮುಖ ಕಾಣದೆ ಕೈಸಾಲದಲ್ಲೇ ಲೇತ್ ನಡೆಸುತ್ತಿದ್ದವನಿಗೆ ಶೇಕಡಾ 20 ಎಂದರೆ ಸೊನ್ನೆಯ ಶೇಕಡಾ 20.

ಇನ್ನು ವೈಟ್‌ಫೀಲ್ಡ್ ಕಡೆ ಹೋಗುವ ದಾರಿಯ ದೂರವಾಣಿನಗರ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ವರ್ಷಗಟ್ಟಲೆ ನಷ್ಟದಲ್ಲಿತ್ತು. 2014ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 4,156.79 ಕೋಟಿಯ ಪುನಶ್ಚೇತನ ಒಪ್ಪಿತು. ಅದರಲ್ಲಿ 1,892.79 ಕೋಟಿ ಹಣಕಾಸಿನ ಹೊಣೆಗಳನ್ನು ತೀರಿಸಲು ಸಹಾಯಾನುದಾನ. ಕಂತು ಬಂದಂತೆ ಅದು ಆದಾಯದ ಸಾಲಿಗೆ ಸೇರಿತು. ಕಂಪನಿ ಲಾಭ ತೋರಿಸಿದ ವರ್ಷಗಳಲ್ಲಿ ಅದರ ಪಾಲು ದೊಡ್ಡದು. ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಮೀಸಲಾತಿಯಿಂದ ನಮ್ಮ ಜನ ಮೊದಲ ಸಲ ತಿಂಗಳ ಸಂಬಳ ಎಣಿಸಿದ್ದು ಇಂಥ ಕಾರ್ಖಾನೆಗಳಲ್ಲೇ.

ಆದರೆ ಗುತ್ತಿಗೆಯವರ ಕೂಲಿಯನ್ನು ಕಂಪನಿಗಳು ಸಾಮಾನ್ಯವಾಗಿ ನೌಕರರ ಸಂಬಳದ ಸಾಲಿನಲ್ಲಿ ಬರೆಯುವುದಿಲ್ಲ. ಅದು ‘ಇತರೆ ಖರ್ಚು’. 2021ರ ಡಿಸೆಂಬರ್ 1ರಂದು ಐಟಿಐನಲ್ಲಿ 80 ಗುತ್ತಿಗೆ ಕಾರ್ಮಿಕರನ್ನು ಒಳಗೆ ಬಿಡಲಿಲ್ಲ. ಅವರು ಸಂಘ ಕಟ್ಟಿದ್ದರು. ದಶಕಗಟ್ಟಲೆ ದುಡಿದವರು ಅವರಲ್ಲಿದ್ದರು, ದಲಿತರಿದ್ದರು. ತಿಂಗಳುಗಟ್ಟಲೆ ಅವರು ಗೇಟಿನ ಮುಂದೆಯೇ ಕೂತರು.