ಮೆಕ್ಸಿಕೊ ಕೊಲ್ಲಿ: ಒಂದು ಹೆಸರಿನ ಚರಿತ್ರೆ

ಉತ್ತರ ಅಮೆರಿಕ ಖಂಡದ ಆಗ್ನೇಯ ಭಾಗದಲ್ಲಿ ಬೋಗುಣಿಯಂತೆ ಒಳಚಾಚಿಕೊಂಡಿರುವ ವಿಶಾಲ ಜಲರಾಶಿಯೇ ಮೆಕ್ಸಿಕೊ ಕೊಲ್ಲಿ. ಇದರ ವಿಸ್ತೀರ್ಣ 15 ಲಕ್ಷ ಚದರ ಕಿಲೊಮೀಟರಿಗೂ ಹೆಚ್ಚು. ಉತ್ತರಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನ, ಪಶ್ಚಿಮ ಮತ್ತು ದಕ್ಷಿಣಕ್ಕೆ ಮೆಕ್ಸಿಕೊ, ಆಗ್ನೇಯಕ್ಕೆ ಕ್ಯೂಬಾ. ಕೆರಿಬಿಯನ್ ಸಮುದ್ರದ ಬಿಸಿನೀರು ಯುಕಟಾನ್ ಜಲಸಂಧಿಯ ಮೂಲಕ ಒಳಬಂದು, ಕೊಲ್ಲಿಯಲ್ಲಿ ಸುತ್ತು ಹಾಕಿ, ಫ್ಲಾರಿಡಾ ಜಲಸಂಧಿಯ ಮೂಲಕ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಭೂಗೋಳ ಪಾಠಗಳಲ್ಲಿ ಬರುವ ‘ಗಲ್ಫ್ ಸ್ಟ್ರೀಮ್’ ಪ್ರವಾಹಕ್ಕೆ ಆ ಹೆಸರು ಬಂದದ್ದು ಈ ಕೊಲ್ಲಿಯಿಂದಲೇ.

ವಿಚಿತ್ರವೆಂದರೆ, ಕೊಲ್ಲಿಗೆ ಹೆಸರು ಕೊಟ್ಟ ಮೆಶಿಕಾ ಜನ ಕಡಲತೀರದವರಲ್ಲ. ಅವರ ರಾಜಧಾನಿ ಟೆನೊಚ್‌ಟಿಟ್ಲಾನ್ ಇದ್ದದ್ದು ದೂರದ ಪ್ರಸ್ಥಭೂಮಿಯ ಸರೋವರವೊಂದರ ನಡುವೆ. 1519ರಲ್ಲಿ ಸ್ಪೇನಿನ ನಾವಿಕ ಆಲ್ವಾರೆಸ್ ದೆ ಪಿನೇದಾ ಕೊಲ್ಲಿಯ ದಡಗುಂಟ ಸಾಗಿದ. ಆ ಯಾನದ ನಕಾಶೆ ಇಂದಿಗೂ ಉಳಿದಿದೆ. 1521ರಲ್ಲಿ ಸ್ಪೇನಿನವರು ಟೆನೊಚ್‌ಟಿಟ್ಲಾನನ್ನು ಗೆದ್ದು ನಾಡಿಗೆ ‘ನವ ಸ್ಪೇನ್’ ಎಂದು ಹೆಸರಿಟ್ಟರು. ಆದರೂ ಸೋತವರ ಹೆಸರು ಅಳಿಯಲಿಲ್ಲ. ಅದೇ ಶತಮಾನದಲ್ಲಿ ಯುರೋಪಿನ ನಕಾಶೆಗಳ ಮೂಲಕ ಕಡಲಿಗೂ ಅಂಟಿಕೊಂಡಿತು.

ಆಗಿನ್ನೂ ಸಂಯುಕ್ತ ಸಂಸ್ಥಾನ ಹುಟ್ಟಿರಲಿಲ್ಲ. 1776ರಲ್ಲಿ ಅದು ಸ್ವಾತಂತ್ರ್ಯ ಘೋಷಿಸಿಕೊಂಡಾಗಲೂ ಅದಕ್ಕೆ ಈ ಕೊಲ್ಲಿಯ ತೀರ ಇರಲಿಲ್ಲ. 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಕೊಂಡ ಮೇಲೆಯೇ ಅದು ಇಲ್ಲಿಗೆ ಕಾಲಿಟ್ಟದ್ದು. ಫ್ಲಾರಿಡಾ, ಟೆಕ್ಸಾಸ್‌ಗಳು ಸೇರಿದ್ದು ಆನಂತರ.

2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇದನ್ನು ‘ಅಮೆರಿಕ ಕೊಲ್ಲಿ’ ಎಂದು ಕರೆಯಲು ಆದೇಶಿಸಿದರು. ಹಳೆಯ ಹೆಸರನ್ನು ಬಿಡದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರಿಗೆ ಅಧ್ಯಕ್ಷರ ಕಚೇರಿಯ ಕಾರ್ಯಕ್ರಮಗಳಿಗೆ ಪ್ರವೇಶ ನಿರಾಕರಿಸಲಾಯಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಮೆಕ್ಸಿಕೊ ಅಧ್ಯಕ್ಷೆ ಕ್ಲಾಡಿಯಾ ಶೇನ್‌ಬಾಮ್ 1607ರ ನಕಾಶೆಯೊಂದನ್ನು ತೋರಿಸಿ, ಹಾಗಾದರೆ ಉತ್ತರ ಅಮೆರಿಕವನ್ನೇ ‘ಮೆಕ್ಸಿಕನ್ ಅಮೆರಿಕ’ ಎನ್ನೋಣವೇ ಎಂದು ಅದಾಗಲೇ ಚುಚ್ಚಿದ್ದರು. ‘ಅಮೆರಿಕ’ ಎಂಬ ಹೆಸರಿನ ಕಥೆಯೂ ಸ್ವಾರಸ್ಯಕರವೇ: 1507ರ ನಕಾಶೆಯಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಬರೆದಿದ್ದುದು ದಕ್ಷಿಣದ ಭೂಭಾಗದ ಮೇಲೆ!

ಈ ಆದೇಶ ಅನ್ವಯಿಸುವುದು ಅಮೆರಿಕದ ಕಡಲಗಡಿಯವರೆಗೆ ಮಾತ್ರ. ಮೆಕ್ಸಿಕೊ, ಕ್ಯೂಬಾಗಳು ಅದಕ್ಕೆ ಬದ್ಧವಲ್ಲ. ಹೆಸರು ಬದಲಾದರೆ ಗಡಿ ಕದಲುವುದೂ ಇಲ್ಲ. ಬಂಗಾಳ ಕೊಲ್ಲಿ ಎಂದಮಾತ್ರಕ್ಕೆ ಒಡಿಶಾ, ಆಂಧ್ರ, ತಮಿಳುನಾಡುಗಳ ಕಡಲು ಬಂಗಾಳದ್ದಾಗಲಿಲ್ಲ. ಕಡಲಿನ ಹೆಸರು ಒಡೆತನದ ಪತ್ರವಲ್ಲ. ಅಲ್ಲಿಗೆ ಯಾರು ಮೊದಲು ಬಂದರು, ಯಾರನ್ನು ಕಂಡರು ಎಂಬುದರ ನೆನಪು ಅದು. ಗೆದ್ದವರೂ ಅಳಿಸದೆ ಉಳಿಸಿದ ಮೆಶಿಕಾ ಜನರ ನೆನಪು ಈ ಹೆಸರಿನಲ್ಲಿದೆ.