ಕಪ್ಪೆ ಚೆನ್ನಿಗರಾಯನ ಕಥೆಯಲ್ಲಿ ಕಾಣದ ಅರಸಿ

ಗಂಡು ಏನಾಗಬೇಕು, ಹೆಣ್ಣು ಏನಾಗಬೇಕು ಎಂಬುದನ್ನು ಮಗುವಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಕಲಿಸುವುದು ಕಥೆ. ಸ್ಥಳೀಯ ಐತಿಹ್ಯಗಳು ಈ ಕಾರ್ಯವನ್ನು ನಿರ್ವಹಿಸುವ ಬಗೆಯನ್ನು ಪರಿಶೀಲಿಸಲು ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣಕ್ಕಿಂತ ಉತ್ತಮವಾದ ಕ್ಷೇತ್ರ ಬೇರೆ ದೊರೆಯುವುದು ಕಷ್ಟ.

ಅಲ್ಲಿನ ಕಪ್ಪೆ ಚೆನ್ನಿಗರಾಯನ ಕಥೆ ನಾಡಿನ ಮಕ್ಕಳಿಗೆಲ್ಲ ಪರಿಚಿತ. ಜಕಣಾಚಾರಿ ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬನು ಹೇಳುತ್ತಾನೆ. ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಉಳಿ ತಾಗಿಸಿದರೆ ಒಳಗಿನಿಂದ ನೀರೂ ಕಪ್ಪೆಯೂ ಹೊರಬರುತ್ತವೆ. ಶಿಲ್ಪಿ ತನ್ನ ಕೈಯನ್ನು ಕತ್ತರಿಸಿಕೊಳ್ಳುತ್ತಾನೆ. ಆ ತರುಣನೇ ಅವನ ಮಗ ಡಂಕಣ. ಇಲ್ಲಿ ವಿದ್ಯೆ ಹರಿಯುವುದು ಗಂಡಿನಿಂದ ಗಂಡಿಗೆ. ತಾಯಿ ಕಾಯುವವಳು ಮಾತ್ರ. ಇದಕ್ಕೆ ಚಾರಿತ್ರಿಕ ಆಧಾರವಿಲ್ಲವೆನ್ನಲಾಗದು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಬೇಲೂರಿನ ಶಿಲ್ಪಗಳ ಮೇಲೆಯೇ ಕೆತ್ತಿದ್ದಾರೆ.

ಆದರೆ ಆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿ. ಐತಿಹ್ಯದಲ್ಲಿ ಅವಳಿಗೆ ಸ್ಥಳವಿಲ್ಲ. ಜನಮನ ಅವಳಿಗೆ ಬೇರೊಂದು ಸ್ಥಳವನ್ನು ಕೊಟ್ಟಿದೆ: ಕನ್ನಡಿ ಹಿಡಿದ ದರ್ಪಣಸುಂದರಿಯೇ ಶಾಂತಲೆ ಎಂಬ ನಂಬಿಕೆ. ಮಾಡಿಸಿದವಳು ಮರೆಯಾಗಿ ಚೆಲುವೆ ಉಳಿದಳು.

ಶಾಸನಗಳು ಚಿತ್ರಿಸುವ ಶಾಂತಲೆ ಬೇರೆಯೇ. ಶೈವನಾದ ಮಾರಸಿಂಗಯ್ಯ, ಜೈನಳಾದ ಮಾಚಿಕಬ್ಬೆ ಇವರ ಮಗಳಾದ ಈಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳ ಪರಿಣತಿಯನ್ನು ಹೊಗಳುವ ಶಾಸನಕವಿ, ವಿವೇಕಕ್ಕೆ ಹೋಲಿಕೆಯಾಗಿ ತರುವುದು ಬೃಹಸ್ಪತಿಯನ್ನು. ಬುದ್ಧಿಯ ಮಾತು ಬಂದಾಗ ಅವನು ಸ್ತ್ರೀದೇವತೆಯನ್ನೇ ಹುಡುಕಲಿಲ್ಲವೆಂಬುದು ಗಮನಾರ್ಹ. ಹಾಗೆಂದು ಶಾಸನವನ್ನು ಸಮಾನತೆಯ ದಾಖಲೆಯೆಂದು ಭಾವಿಸುವಂತಿಲ್ಲ. ಸವತಿಯರ ಪಾಲಿಗೆ ಮದ್ದಾನೆ ಎಂಬ ಬಿರುದೇ ಅಂತಃಪುರದ ಕಥೆಯನ್ನು ಹೇಳುತ್ತದೆ. ಮೇಲಾಗಿ ಇದು ಅರಮನೆಯ ಹೆಣ್ಣಿನ ಮಾತು, ಒಕ್ಕಲ ಮನೆಯ ಮಗಳದಲ್ಲ.

ಆಧುನಿಕ ಕಾಲದಲ್ಲಿ ಈ ವಿದ್ಯಾವತಿಯ ಬಾಲ್ಯವನ್ನು ಕಲ್ಪಿಸಿದವರು ಸಿ.ಕೆ. ನಾಗರಾಜರಾವ್. 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಪಡೆದ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯಲ್ಲಿ ಗುರು ಬೋಕಿಮಯ್ಯನ ಬಳಿ ಓದುವ ಬಾಲಕಿ ನಮಗೆ ಎದುರಾಗುತ್ತಾಳೆ. ಆದರೂ ಹೆಚ್ಚು ಪ್ರಚಾರದಲ್ಲಿರುವುದು, ಗಂಡುಸಂತಾನವಿಲ್ಲದ ಕೊರಗಿನಿಂದ ರಾಣಿ ಶಿವಗಂಗೆಯಲ್ಲಿ ಪ್ರಾಣ ಬಿಟ್ಟಳೆಂಬ ಕಥೆಯೇ. 1131ರಲ್ಲಿ ಅವಳು ಶಿವಗಂಗೆಯಲ್ಲಿ ಮಡಿದುದು ಶಾಸನೋಕ್ತ; ಕೊರಗು ಕಥೆಗಾರರ ಸೇರ್ಪಡೆ. ಹೆಣ್ಣುಮಕ್ಕಳಿಗೆ ಈ ಸೇರ್ಪಡೆಯನ್ನು ಇತಿಹಾಸವೆಂದು ಹೇಳಿಕೊಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಸಾಮಗ್ರಿಗೇನೂ ಕೊರತೆಯಿಲ್ಲ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿಯವಳಂತೆ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ, ಮದ್ದಳೆ ಬಾರಿಸುವವಳೂ ಇದ್ದಾಳೆ. ಅರಸೀಕೆರೆಯ ಹೆಸರಿನಲ್ಲಿ ಕೆರೆ ಕಟ್ಟಿಸಿದ ಅರಸಿಯ ನೆನಪಿದೆಯೆಂದು ಪ್ರತೀತಿ. ಹಳೇಬೀಡಿನಲ್ಲಂತೂ ಒಂದೇ ಜಗತಿಯ ಮೇಲೆ ಎರಡು ಗುಡಿಗಳು ಅಕ್ಕಪಕ್ಕದಲ್ಲಿ ನಿಂತಿವೆ: ಅರಸನ ಹೆಸರಿನ ಹೊಯ್ಸಳೇಶ್ವರ, ಅರಸಿಯ ಹೆಸರಿನ ಶಾಂತಲೇಶ್ವರ. ಅಳತೆಯಲ್ಲಿ ಒಂದಕ್ಕೊಂದು ಬಹುಮಟ್ಟಿಗೆ ಸಮ. ಮಕ್ಕಳನ್ನು ಕರೆದೊಯ್ದ ಉಪಾಧ್ಯಾಯರು ಎರಡನೆಯ ಹೆಸರನ್ನೂ ಓದಿ ಹೇಳಬಹುದು.