ಕುತ್ತಿಗೆಯ ಬೆನ್ನೆಲುಬಿನ ಶಸ್ತ್ರಚಿಕಿತ್ಸೆ: ನಂತರದ ನರ ತೊಡಕುಗಳು

ಅಪಘಾತದಲ್ಲಿ ಕುತ್ತಿಗೆಯ ಕಶೇರುಕ ಮುರಿದಾಗ ಇಲ್ಲವೇ ಜಾಗ ತಪ್ಪಿದಾಗ, ಬೆನ್ನುಹುರಿಯ ಮೇಲಿನ ಒತ್ತಡ ತೆಗೆದು ಮೂಳೆಗಳನ್ನು ಸ್ಕ್ರೂ, ಪ್ಲೇಟುಗಳಿಂದ ಬಿಗಿಯುತ್ತಾರೆ. ಆ ಬಳಿಕ ಹೊಸದಾಗಿ ತಲೆದೋರುವ ನರ ದೌರ್ಬಲ್ಯವೇ ಇಲ್ಲಿನ ವಿಷಯ. ಪೆಟ್ಟಿನಿಂದಲೇ ಆದ ನರಹಾನಿ ಯಾವುದು, ನಂತರ ಬಂದದ್ದು ಯಾವುದು ಎಂದು ತಿಳಿಯಬೇಕಾದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೈಕಾಲುಗಳ ಬಲ, ಸ್ಪರ್ಶಜ್ಞಾನಗಳನ್ನು ಪರೀಕ್ಷಿಸಿ ಬರೆದಿಟ್ಟಿರಬೇಕು.

ಕುತ್ತಿಗೆಯಲ್ಲಿ ಕಶೇರುಕಗಳು 7, ನರಬೇರುಗಳು 8 ಜೊತೆ. ಈ ಬೇರುಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗಿ ಸೊರಗುವುದು ಐದನೆಯದು, ಅಂದರೆ ಸಿ-5. ಅರಿವಳಿಕೆ ಇಳಿದಾಗ ಎರಡೂ ಕೈ ಚೆನ್ನಾಗಿ ಆಡಿಸಿದ ರೋಗಿಗೆ ಎರಡು ಮೂರು ದಿನ, ಕೆಲವೊಮ್ಮೆ ವಾರ ಕಳೆದ ಮೇಲೆ ತಲೆ ಬಾಚಲು ಕೈ ಮೇಲೇಳುವುದಿಲ್ಲ. ಭುಜದ ಡೆಲ್ಟಾಯ್ಡ್ ಸ್ನಾಯು ಸೋತಿರುತ್ತದೆ. ಮೊಣಕೈ ಮಡಿಸುವ ಬೈಸೆಪ್ಸ್ ಕೂಡ ಸೋಲಬಹುದು. ಸಾಮಾನ್ಯವಾಗಿ ಒಂದೇ ಕೈ; ಕಾಲುಗಳಿಗೆ ಏನೂ ಆಗಿರುವುದಿಲ್ಲ. ಎಲ್ಲ ಸರಿಹೋಯಿತೆಂದು ನೆಮ್ಮದಿಯಾಗಿದ್ದ ಮನೆಯವರಿಗೆ ಇದು ದೊಡ್ಡ ಆಘಾತ. ಆದ್ದರಿಂದ ಈ ಸಾಧ್ಯತೆಯನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗಲೇ ವಿವರಿಸುವುದು ವೈದ್ಯರ ಕರ್ತವ್ಯ.

ಸಿ-5 ಬೇರು ಹೀಗೆ ಸೊರಗಲು ಕಾರಣವೇನೆಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಹಿಂಬದಿಯ ಮೂಳೆ ತೆಗೆದಾಗ ಬೆನ್ನುಹುರಿ ಹಿಂದಕ್ಕೆ ಸರಿಯುತ್ತದೆ. ಅದರೊಡನೆ ಗಿಡ್ಡನೆಯ ಸಿ-5 ಬೇರು ಜಗ್ಗುತ್ತದೆ ಎಂಬುದು ಹೆಚ್ಚು ಪ್ರಚಲಿತ ವಿವರಣೆ. ನರ ಹೊರಬರುವ ರಂಧ್ರ ಮೊದಲೇ ಕಿರಿದಾಗಿದ್ದವರಿಗೆ ಅಪಾಯ ಜಾಸ್ತಿ. ಬಹುಪಾಲು ಜನ ಫಿಸಿಯೋಥೆರಪಿಯಿಂದ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ, ಕೆಲವರಲ್ಲಿ ಕೊರತೆ ಉಳಿದುಬಿಡುತ್ತದೆ. ಆ ಅವಧಿಯಲ್ಲಿ ಭುಜ ಮರಗಟ್ಟದಂತೆ ದಿನವೂ ಆಡಿಸುತ್ತಿರಬೇಕು.

ಕುತ್ತಿಗೆಯ ಮುಂಬದಿಯಿಂದ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯ ನರ ಜಗ್ಗಿ ದನಿ ಒಡೆಯಬಹುದು, ನೀರು ಕುಡಿಯುವಾಗ ನೆತ್ತಿಗೇರಬಹುದು. ಹೆಚ್ಚಿನವರಿಗೆ ಇದು ತಾತ್ಕಾಲಿಕ. ಅನುವೇದನಾ ನರಸರಪಳಿಗೆ ಘಾಸಿಯಾದರೆ ಆ ಬದಿಯ ರೆಪ್ಪೆ ಜೋತು, ಕಣ್ಣಿನ ಪಾಪೆ ಕಿರಿದಾಗುತ್ತದೆ. ಇದು ಹಾರ್ನರ್ ಲಕ್ಷಣಕೂಟ, ಅಪರೂಪ.

ಒಂದು ಸ್ಥಿತಿಯಲ್ಲಿ ಮಾತ್ರ ಕಾಯುವಂತಿಲ್ಲ. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬೆನ್ನುಹುರಿಯನ್ನು ಒತ್ತಿದರೆ ಕೆಲವೇ ಗಂಟೆಗಳಲ್ಲಿ ಕುತ್ತಿಗೆಯ ನೋವು ಏರಿ, ಕೈ ಕಾಲು ಎರಡೂ ಸೋಲುತ್ತಾ ಹೋಗುತ್ತವೆ, ಮೂತ್ರ ಕಟ್ಟಬಹುದು. ತಡಮಾಡದೆ ಎಂಆರ್‌ಐ ಮಾಡಿಸಿ, ಗಾಯವನ್ನು ಮತ್ತೆ ತೆರೆದು ಹೆಪ್ಪು ತೆಗೆಯಬೇಕು; ವಿಳಂಬವಾದಷ್ಟೂ ಬಲ ಮರಳುವ ಸಾಧ್ಯತೆ ಕುಗ್ಗುತ್ತದೆ. ಮೊದಲ ರಾತ್ರಿ ದಾದಿಯರು ಮತ್ತೆ ಮತ್ತೆ ಎಬ್ಬಿಸಿ, ಮುಷ್ಟಿ ಬಿಗಿಯಿರಿ, ಪಾದ ಅಲ್ಲಾಡಿಸಿ ಎನ್ನುವುದು ಇದಕ್ಕಾಗಿಯೇ.